ನನ್ನ ಗ್ರೈಂಡರ್, ನನ್ನ ಕಾರ್ಡು

ನನ್ನ ಗಂಡ ಕ್ರೆಡಿಟ್ ಕಾರ್ಡನ್ನು ಎಂದೂ ಅದರ ಹೆಸರಿನಿಂದ ಕರೆದವರಲ್ಲ. ಅವರ ಬಾಯಲ್ಲಿ ಅದು 'ಸಾಲದ ಕಾರ್ಡು'. ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ ಅವರು. ದುಡ್ಡು ಅಂದರೆ ಕೈಗೆ ಸಿಗಬೇಕು, ಎಣಿಸಬೇಕು, ಡ್ರಾಯರಿನಲ್ಲಿಟ್ಟು ಬೀಗ ಹಾಕಬೇಕು. ನಿವೃತ್ತಿಯಾದ ಮೇಲೆ ಡೆಬಿಟ್ ಕಾರ್ಡನ್ನು ಕಿಸೆಯಲ್ಲಿಟ್ಟುಕೊಳ್ಳಲು ಒಪ್ಪಿದ್ದೇ ದೊಡ್ಡದು. "ಇದ್ರಲ್ಲಿ ಇದ್ದದ್ದು ಹೋಗ್ತದೆ. ಅದ್ರಲ್ಲಿ ಇಲ್ಲದ್ದೂ ಹೋಗ್ತದೆ. ನಿಂಗೆ ಎಂತಕ್ಕೆ ಬೇಕಿತ್ತು ಅದು?" ಎಂದು ನನ್ನ ಪರ್ಸಿನ ಕಡೆ ಗುಮಾನಿಯಿಂದ ನೋಡುತ್ತಿದ್ದರು.

ನನಗೆ ಬೇಕಿತ್ತು. ಆಂಟಾಪ್ ಹಿಲ್‌ನ ನಮ್ಮ ಕಾಲನಿಯಲ್ಲಿ ವರ್ಷಗಟ್ಟಲೆ ಮನೆಯ ಸಣ್ಣ ಗ್ರೈಂಡರಿನಲ್ಲಿ ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದ ಬಿಲ್ಡಿಂಗಿನವರಿಗೆ ಮಾರಿದ್ದೆ. ಉಳಿದ ದುಡ್ಡನ್ನು ಎಫ್‌ಡಿ ಮಾಡಿದ್ದೆ. ಆ ಎಫ್‌ಡಿಯ ಆಧಾರದ ಮೇಲೆ ಬ್ಯಾಂಕಿನವರು ನನ್ನ ಹೆಸರಿಗೆ ಕಾರ್ಡು ಕೊಟ್ಟರು. ಗಂಡನ ಸಂಬಳದ ಚೀಟಿ ಕೇಳಲಿಲ್ಲ, ಗಂಡನ ಸಹಿಯನ್ನೂ ಕೇಳಲಿಲ್ಲ. ಪ್ರತಿ ತಿಂಗಳ ಬಿಲ್ಲನ್ನು ಒಂದು ಪೈಸೆ ಬಾಕಿ ಇಡದೆ ಕಟ್ಟುತ್ತಿದ್ದೆ. ಸಾಲವೇ ಇಲ್ಲದ ಸಾಲದ ಕಾರ್ಡು ಅದು. ಇದನ್ನು ಎಷ್ಟು ಸಲ ವಿವರಿಸಿದರೂ ಅವರಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ.

ಕಾರ್ಡಿನ ಬೆಲೆ ನನಗೆ ತಿಳಿದದ್ದು ನಮ್ಮ ಮೇಲಿನ ಮಹಡಿಯ ಹೆಂಗಸಿನಿಂದ. ವಿಜಯಪುರದ ಕಡೆಯವಳು, ಗಂಡ ಬಿಲ್ಡಿಂಗ್ ಕಟ್ಟುವ ಕೆಲಸದಲ್ಲಿದ್ದಾನೆ. ಮಗಳ ಮದುವೆಗೆಂದು ಒಂದು ಕಪಾಟಿಗೆ ಡೆಬಿಟ್ ಕಾರ್ಡಿನಲ್ಲಿ ಪೂರ್ತಿ ದುಡ್ಡು ಕೊಟ್ಟಿದ್ದಳು. ಕಪಾಟು ಬರುವ ಮೊದಲು ಅಂಗಡಿಯೇ ಶಟರ್ ಎಳೆದುಕೊಂಡಿತು. "ಅಕ್ಕಾರ, ಬ್ಯಾಂಕಿನ್ಯಾಗ ತಕರಾರು ತಗೊಂಡ್ರು, ಇಲ್ಲ ಅನ್ನಲಿಲ್ಲ. ಕಡೀಕ ರೊಕ್ಕಾನೂ ಬಂತು. ಆದ್ರ ಬರೂತನಕ ಖಾತೆ ಖಾಲಿ ನೋಡ್ರಿ. ಮನಿ ಬಾಡಗಿ ಯಾರ ಕೊಡಬೇಕು?" ಎಂದು ನನ್ನ ಅಡಿಗೆಮನೆಯಲ್ಲಿ ಕೂತು ಅತ್ತಿದ್ದಳು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ಹೀಗಿರುವಾಗ ನಮ್ಮ ಕಾಲನಿಯ ಅಂಗಡಿ ಸಾಲಿನಲ್ಲಿ ಒಂದು ಶಟರಿನ ಗಾಳಾ, ಅಂದರೆ ಪುಟ್ಟ ಮಳಿಗೆ, ಬಾಡಿಗೆಗೆ ಖಾಲಿಯಾಯಿತು. ನಾನು ಯಾರನ್ನೂ ಕೇಳದೆ ಡಿಪಾಸಿಟ್ ಕೊಟ್ಟು ಬಂದೆ. ಮನೆಯ ಸಣ್ಣ ಗ್ರೈಂಡರಿನಿಂದ ಅಂಗಡಿ ನಡೆಯುವುದಿಲ್ಲ. ಹೋಟೆಲಿನವರು ಇಡುವಂಥ, ಬಗ್ಗಿಸಿ ಹಿಟ್ಟು ಸುರಿಯುವ ದೊಡ್ಡ ಗ್ರೈಂಡರ್ ಬೇಕು. ಅದರ ಬೆಲೆ ಹೆಚ್ಚುಕಡಿಮೆ ನನ್ನ ಎಫ್‌ಡಿಯಷ್ಟೇ. ಅದು ಓಡಿದರೆ ಅಂಗಡಿ, ಓಡದಿದ್ದರೆ ಎಫ್‌ಡಿಯೂ ಇಲ್ಲ, ಅಂಗಡಿಯೂ ಇಲ್ಲ. ಆ ವಯಸ್ಸಿನಲ್ಲಿ ಇನ್ನೊಮ್ಮೆ ಅಷ್ಟು ಹಿಟ್ಟು ರುಬ್ಬಿ ಅಷ್ಟು ದುಡ್ಡು ಕೂಡಿಸುವ ಶಕ್ತಿ ನನ್ನ ಭುಜಗಳಿಗೆ ಉಳಿದಿರಲಿಲ್ಲ.

ಉಪನಗರದ ಒಂದು ಅಂಗಡಿಗೆ ಲೋಕಲ್ ಹಿಡಿದು ಇಬ್ಬರೂ ಹೋದೆವು. ಅಲ್ಲಿಟ್ಟಿದ್ದ ಯಂತ್ರ ಬೆಣ್ಣೆಯಂತೆ ತಿರುಗಿತು. ಮಾಲೀಕ ಚಹಾ ತರಿಸಿದ, ನನ್ನನ್ನು ಬೆಹೆನ್‌ಜಿ ಎಂದ, ಇದೇ ಮಾಡೆಲ್ ಗೋಡೌನಿನಿಂದ ಸೀಲ್ ಒಡೆಯದೆ ಬರುತ್ತದೆ ಎಂದ. ದುಡ್ಡು ಕೊಡುವ ಹೊತ್ತಿಗೆ ನಾನು ಕ್ರೆಡಿಟ್ ಕಾರ್ಡು ತೆಗೆದೆ. ಅವನ ಮುಖದ ಸಕ್ಕರೆ ಸ್ವಲ್ಪ ಕಡಿಮೆಯಾಯಿತು. "ಕ್ರೆಡಿಟ್ ಆದ್ರೆ ಎರಡು ಟಕ್ಕೆ ಜಾಸ್ತಿ ಬೀಳುತ್ತೆ," ಎಂದು ಹಿಂದಿಯಲ್ಲಿ ಹೇಳಿದ. ಅಂದರೆ ನೂರಕ್ಕೆ ಎರಡು ರೂಪಾಯಿ. ಡೆಬಿಟ್ ಆದರೆ ಏನೂ ಇಲ್ಲವಂತೆ.

ಎರಡು ಟಕ್ಕೆ ಎಂದ ಕೂಡಲೆ ನನ್ನ ಗಂಡ ಎದ್ದು ನಿಂತರು. ಹೋಟೆಲಿನಲ್ಲಿ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡಿದವರು. ತಮ್ಮ ಡೆಬಿಟ್ ಕಾರ್ಡನ್ನು ಮೇಜಿನ ಮೇಲೆ ಇಟ್ಟೇಬಿಟ್ಟರು. ಅದರ ಪಕ್ಕದಲ್ಲಿ ನನ್ನದು. ಮಾಲೀಕ ಎರಡನ್ನೂ ನೋಡುತ್ತ ಮಷಿನ್ ಹಿಡಿದು ನಿಂತ.

"ಜಂಟಿ ಖಾತೆಯಲ್ಲಿ ದುಡ್ಡು ಉಂಟಲ್ಲ ಮಾರಾಯ್ತಿ. ಸುಮ್ಮನೆ ಎರಡು ಟಕ್ಕೆ ಎಂತಕ್ಕೆ ಬಿಸಾಡುದು? ಆಮೇಲೆ ನಿನ್ನ ಎಫ್‌ಡಿ ಮುರಿದು ಖಾತೆಗೆ ಹಾಕು."

"ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ?"

"ಆದ್ರೆ ಅವ ಕೊಡ್ತಾನೆ. ಮುಖ ನೋಡಿದ್ರೆ ಗೊತ್ತಾಗುದಿಲ್ವಾ?"

ಮುಖ ನೋಡಿ ಮನುಷ್ಯರನ್ನು ಅಳೆಯುವುದು ಗಲ್ಲಾದವರ ಹೆಮ್ಮೆ. ಮುಖ ನೋಡಿ ದೋಸೆ ಕೊಡಬಹುದು, ಎಫ್‌ಡಿ ಕೊಡಲಾಗುವುದಿಲ್ಲ ಎಂದು ಹೇಳಿ ಅವರ ಕಾರ್ಡನ್ನು ಅವರ ಕಿಸೆಗೇ ತುರುಕಿದೆ. ಎರಡು ಟಕ್ಕೆ ಸೇರಿಸಿ ನನ್ನ ಕಾರ್ಡನ್ನೇ ಉಜ್ಜಿಸಿದೆ. ಬಿಲ್ಲಿನಲ್ಲಿ 'ಹೊಸ ಯಂತ್ರ' ಎಂದು ಬರೆಸಿಕೊಂಡೆ. ವಾಪಸಿನ ಲೋಕಲ್‌ನಲ್ಲಿ ಅವರು ನನ್ನ ಜೊತೆ ಮಾತಾಡಲಿಲ್ಲ. ನಾನಿದ್ದದ್ದು ಹೆಂಗಸರ ಡಬ್ಬಿಯಲ್ಲಿ, ಅವರು ಗಂಡಸರದರಲ್ಲಿ, ಮಾತಾಡುವ ಪ್ರಶ್ನೆಯೂ ಇರಲಿಲ್ಲ ಅನ್ನಿ.

ಯಂತ್ರ ಬರುವ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ ಹತ್ತುತ್ತದೆ. ಟೆಂಪೋ ಟ್ರಾಫಿಕ್ಕಿನಲ್ಲಿ ಸಿಕ್ಕಿ ಹತ್ತು ಗಂಟೆ ಆಗುವಾಗ ಬಂತು. ಇವರು ಆಗಲೇ ಮಾಟುಂಗದಿಂದ ಸೇವಂತಿಗೆ ಹಾರ, ವೀಳ್ಯದೆಲೆ, ತೆಂಗಿನಕಾಯಿ ತಂದಿಟ್ಟು ಪಂಚೆ ಉಟ್ಟು ಗಾಳಾದ ಬಾಗಿಲಲ್ಲಿ ಚಡಪಡಿಸುತ್ತಿದ್ದರು. ಹಮಾಲಿಗಳು ಯಂತ್ರ ಇಳಿಸಿ ಚಲನ್ ಮುಂದೆ ಹಿಡಿದರು. ಅದರಲ್ಲಿ, ಮಾಲು ಸುಸ್ಥಿತಿಯಲ್ಲಿ ತಲುಪಿದೆ ಎಂದು ಅಚ್ಚಾಗಿತ್ತು. ಒಮ್ಮೆ ಸ್ವಿಚ್ ಹಾಕಿ ನೋಡಿ ಸಹಿ ಮಾಡೋಣ ಅಂದೆ.

"ಪೂಜೆ ಆಗದೆ ಸ್ವಿಚ್ಚಾ?" ಎಂದರು ಇವರು, ನಾನೇನೋ ಮಹಾಪಾಪದ ಮಾತಾಡಿದೆ ಅನ್ನುವ ಹಾಗೆ. ನಮ್ಮ ಹೋಟೆಲಿನವರಲ್ಲಿ ಇದು ಕಟ್ಟುಕಟ್ಟಳೆ. ಹೊಸ ಯಂತ್ರಕ್ಕೆ ಮೊದಲು ಪೂಜೆ, ಆಮೇಲೆ ಕರೆಂಟು. ಪೂಜೆಗೆ ಮೊದಲು ಓಡಿಸಿ ನೋಡುವುದು ನೈವೇದ್ಯಕ್ಕೆ ಮೊದಲು ಪಾಯಸದ ರುಚಿ ನೋಡಿದ ಹಾಗೆ. ಇತ್ತ ಗಡಿಯಾರ ಓಡುತ್ತಿತ್ತು. ರಾಹುಕಾಲ ಹತ್ತುವ ಮೊದಲು ಮೊದಲ ಹಿಡಿ ಅಕ್ಕಿ ಬೀಳಬೇಕು. ಚಲನ್ ಮೇಲೆ ಸಹಿ ಗೀಚಿ ಹಮಾಲಿಗಳನ್ನು ಕಳಿಸಿದೆವು. ಈ ತಪ್ಪನ್ನು ನಮ್ಮ ಜನ ಬಿಟ್ಟರೆ ಜಗತ್ತಿನಲ್ಲಿ ಇನ್ನಾರೂ ಮಾಡಲಿಕ್ಕಿಲ್ಲ.

ಪೂಜೆ ಚೆಂದಕ್ಕೇ ಆಯಿತು. ಇವರು ಕಲ್ಲಿಗೆ, ಮೋಟರಿನ ಪೆಟ್ಟಿಗೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಟ್ಟರು, ಹಾರ ಹಾಕಿದರು, ಕಾಯಿ ಒಡೆದರು, ಆರತಿ ಎತ್ತಿದರು. ಮೇಲಿನ ಮನೆಯ ವಿಜಯಪುರದವಳು ಮೊಬೈಲಿನಲ್ಲಿ ವಿಡಿಯೋ ಮಾಡಿದಳು, ಸ್ಟೇಟಸ್‌ಗೆ ಹಾಕಬೇಕಂತೆ. ಹಾರ ಹಾಕಿಕೊಂಡ ಗ್ರೈಂಡರ್ ಮದುಮಗನಂತೆ ನಿಂತಿತ್ತು. ನಾನು ನೆನೆಸಿದ ಅಕ್ಕಿ ಹಾಕಿದೆ, ಇವರು ಸ್ವಿಚ್ ಒತ್ತಿದರು. ಯಂತ್ರ ಗೊರ್ ಎಂದಿತು, ಅರ್ಧ ಸುತ್ತು ತಿರುಗಿತು, ನಿಂತಿತು. ಸುಟ್ಟ ವಾಸನೆ ಬಂತು.

"ದೃಷ್ಟಿ ಆಯ್ತು," ಎಂದರು ಇವರು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಇನ್ನೊಮ್ಮೆ ಒತ್ತಿದರು. ಈ ಸಲ ಇಡೀ ಅಂಗಡಿ ಸಾಲಿನ ಫ್ಯೂಸ್ ಹೋಯಿತು.

ಅಂಗಡಿಯವನು ಮೆಕ್ಯಾನಿಕ್ಕನ್ನು ಕಳಿಸಿದ. ಬಂದವನು ಮೋಟರ್ ಬಿಚ್ಚಲೂ ಇಲ್ಲ. ಕುಂಕುಮ ನೋಡಿದ, ಹಾರ ನೋಡಿದ, ಮುಗುಳ್ನಕ್ಕ. "ನಾರಿಯಲ್ ಫೋಡಾ ನಾ? ಪಾನಿ ಅಂದರ್ ಗಯಾ." ತೆಂಗಿನಕಾಯಿ ಒಡೆದಿದ್ದೀರಿ, ನೀರು ಮೋಟರಿನ ಒಳಗೆ ಹೋಗಿದೆ, ಹಾಗಾಗಿ ವಾರಂಟಿ ಇಲ್ಲ. ಫೋನಿನಲ್ಲಿ ಮಾಲೀಕನೂ ಅದನ್ನೇ ಹಾಡಿದ. ಮೇಲಾಗಿ ಯಂತ್ರಕ್ಕೆ ಕುಂಕುಮ ಬಳಿದು ಉಪಯೋಗಿಸಿದ್ದೀರಿ, ಸುಸ್ಥಿತಿಯಲ್ಲಿ ತಲುಪಿದೆ ಎಂದು ಸಹಿಯನ್ನೂ ಹಾಕಿದ್ದೀರಿ, ಇನ್ನೆಂಥ ರಿಫಂಡ್ ಎಂದ. ಈಗ ನಾನು ಅವನ ಬೆಹೆನ್‌ಜಿ ಆಗಿರಲಿಲ್ಲ, ಬರೀ 'ಮೇಡಮ್' ಆಗಿದ್ದೆ.

ಆ ಮಾತು ನನಗಿಂತ ನನ್ನ ಗಂಡನಿಗೆ ತಾಗಿತು. ಕಾಯಿ ಒಡೆದವರು ಅವರು. "ಹೊರಗೇ ಒಡೆದದ್ದಲ್ವಾ ನಾನು? ಕೈ ಒದ್ದೆ ಇತ್ತೋ ಏನೋ," ಎಂದು ತಮ್ಮಷ್ಟಕ್ಕೆ ಅನ್ನತೊಡಗಿದರು. ಊಟ ಕಡಿಮೆಯಾಯಿತು. ಬೆಳಿಗ್ಗೆ ಎದ್ದು ಮಾಟುಂಗಕ್ಕೆ ಹೋಗಿ ದೇವಸ್ಥಾನದ ಮೆಟ್ಟಿಲಲ್ಲಿ ಕೂತು ಬರುತ್ತಿದ್ದರು. ಹೆಂಡತಿಯ ದುಡ್ಡು ತಮ್ಮ ಕೈಯಿಂದ ಹಾಳಾಯಿತು ಎಂಬುದು ಅವರನ್ನು ತಿನ್ನುತ್ತಿತ್ತು. ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ಮೋಸ ಮಾಡುವುದಲ್ಲದೆ, ಒಬ್ಬ ಮುದುಕನಿಗೆ ಅವನು ಮಾಡಿದ ಪೂಜೆಯೇ ಪಾಪ ಅನ್ನಿಸುವ ಹಾಗೆ ಮಾಡಿದ್ದ ಆ ಮನುಷ್ಯ.

ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಗಾಳಾ ತೆರೆದು ಒದ್ದೆ ಬಟ್ಟೆ ತೆಗೆದುಕೊಂಡೆ. ಕುಂಕುಮ ಬಳಿದಿದ್ದೀರಿ ಅಂದನಲ್ಲ, ಒರೆಸಿಯೇ ತೋರಿಸುತ್ತೇನೆ ಎಂದು ಮೋಟರಿನ ಪೆಟ್ಟಿಗೆಯನ್ನು ಉಜ್ಜಿದೆ. ಕುಂಕುಮದ ಜೊತೆ ಬಣ್ಣವೂ ಎದ್ದು ಬಂತು. ಥಳಥಳಿಸುವ ನೀಲಿ ಬಣ್ಣದ ಹಪ್ಪಳದಂಥ ಒಂದು ಚೂರು. ಕೆಳಗೆ ಹಸಿರು ಬಣ್ಣ, ತುಕ್ಕು. ಆ ಹಸಿರಿನ ನಡುವೆ ಒಂದು ಕೆಂಪು ಬೊಟ್ಟು. ನಮ್ಮದಲ್ಲ, ಹಳೆಯದು, ಎಣ್ಣೆಯಲ್ಲಿ ಕಲಸಿ ಇಟ್ಟದ್ದು, ಒಣಗಿ ಗಟ್ಟಿಯಾಗಿದ್ದ ಕುಂಕುಮ. ಎಣ್ಣೆಯ ಮೇಲೆ ಬಳಿದ ಬಣ್ಣ ಹಿಡಿಯುತ್ತದೆಯೇ? ಅಲ್ಲೇ ಕಿತ್ತುಕೊಂಡಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಯಾವ ಹೋಟೆಲಿನವರೋ, ಯಾವ ಹೆಂಗಸೋ, ನಮಗಿಂತ ಎಷ್ಟೋ ವರ್ಷ ಮೊದಲು ಇದೇ ಮೋಟರಿಗೆ ಬೊಟ್ಟಿಟ್ಟು ಕೈ ಮುಗಿದಿದ್ದರು. ಆ ಹಳೇ ಯಂತ್ರಕ್ಕೆ ಬಣ್ಣ ಬಳಿದು ಅಂಗಡಿಯವನು ಹೊಸದೆಂದು ನನ್ನ ತಲೆಗೆ ಕಟ್ಟಿದ್ದ. ಆಮೇಲೆ ನಗು ಬಂತು. ಗಂಡನಿಗೆ ಫೋನ್ ಮಾಡಿ, ದೇವಸ್ಥಾನದ ಮೆಟ್ಟಿಲಿಂದ ಎದ್ದು ಬನ್ನಿ, ನಿಮ್ಮ ಕಾಯಿ ತಪ್ಪು ಮಾಡಿಲ್ಲ ಎಂದೆ. ಅವರು ಬಂದು ಆ ಬೊಟ್ಟನ್ನು ಬಹಳ ಹೊತ್ತು ನೋಡಿದರು. ಅಂದು ಎರಡು ಸಲ ಅನ್ನ ಬಡಿಸಿಕೊಂಡರು.

ಮರುದಿನ ಆ ಮೋಟರಿನ ಫೋಟೋ ಹಿಡಿದು ಬ್ಯಾಂಕಿಗೆ ಹೋದೆ. ಅಲ್ಲಿನ ಹುಡುಗಿಯ ತಾಯಿ ಕನ್ನಡದವರಂತೆ, ಅವಳಿಗೆ ಮಾತ್ರ ಕನ್ನಡ ತಡವರಿಸುತ್ತದೆ. ಫೋಟೋ ನೋಡಿ ಅವಳ ಕಣ್ಣು ಅಗಲವಾಯಿತು. "ಆಂಟಿ, ಹೊಸಾ ಅಂತ ಸೇಲ್ ಮಾಡಿ ಪುರಾನಾ ಕೊಟ್ಟಿದ್ದಾರೆ ನಾ, ಇದು ಪಕ್ಕಾ ಡಿಸ್ಪ್ಯೂಟ್ ಕೇಸ್. ನೀವು ಕ್ರೆಡಿಟ್ ಯೂಸ್ ಮಾಡಿದ್ದು ಅಚ್ಛಾ ಆಯ್ತು." ಅವಳು ವಿವರಿಸಿದ್ದು ಇಷ್ಟು. ಡೆಬಿಟ್ ಕಾರ್ಡಿನಲ್ಲೂ ತಕರಾರು ಹಾಕಬಹುದು. ಆದರೆ ನಮ್ಮ ದುಡ್ಡು ಆಗಲೇ ನಮ್ಮ ಖಾತೆ ಬಿಟ್ಟಿರುತ್ತದೆ, ತೀರ್ಮಾನ ಆಗುವವರೆಗೆ ಕೈ ಖಾಲಿ. ಕ್ರೆಡಿಟ್ ಕಾರ್ಡಿನಲ್ಲಿ ಮೊದಲು ಹೋಗುವುದು ಬ್ಯಾಂಕಿನ ದುಡ್ಡು. ತಕರಾರಿನ ಮೊತ್ತವನ್ನು ಬಿಲ್ಲಿನಲ್ಲಿ ಸದ್ಯಕ್ಕೆ ಬದಿಗಿಡುತ್ತೇವೆ, ಬಾಕಿಯದನ್ನು ಸಮಯಕ್ಕೆ ಕಟ್ಟುತ್ತಿರಿ, ಸೋತರೆ ಮಾತ್ರ ಆ ಮೊತ್ತ ಮತ್ತೆ ನಿಮ್ಮ ಬಿಲ್ಲಿಗೆ ಬರುತ್ತದೆ ಎಂದಳು.

ಸೋತರೆ ಎಂಬ ಶಬ್ದ ಕಿವಿಯಲ್ಲಿ ಉಳಿಯಿತು. ಸೋತರೆ ಎಫ್‌ಡಿ ಮುರಿಯಬೇಕು, ಗಾಳಾದ ಕೀಲಿ ವಾಪಸು ಕೊಡಬೇಕು. ಆದರೂ ಮನೆಗೆ ಬರುವಾಗ ನನ್ನ ಹೆಜ್ಜೆ ಹಗುರವಾಗಿತ್ತು. ಎಫ್‌ಡಿ ಇನ್ನೂ ಬ್ಯಾಂಕಿನಲ್ಲೇ ಬೆಚ್ಚಗೆ ಕೂತಿತ್ತು.

ಬ್ಯಾಂಕಿನ ಕಾಗದ ತಲುಪಿದ್ದೇ ತಡ, ಮಾಲೀಕನ ಫೋನು. ಮತ್ತೆ ಬೆಹೆನ್‌ಜಿ ಆದೆ. "ನಾನೇನು ಹಳೇ ಮೋಟರ್‌ಗೆ ಬಣ್ಣ ಹೊಡೆದು ಮಾರೋ ಮನುಷ್ಯ ಅಲ್ಲ," ಎಂದು ಹಿಂದಿಯಲ್ಲಿ ಶುರು ಮಾಡಿದ. ಬಣ್ಣದ ಸುದ್ದಿಯನ್ನು ನಾನು ಅವನ ಹತ್ತಿರ ಎತ್ತಿರಲೇ ಇಲ್ಲ. ನನ್ನ ಫೋಟೋಗಳನ್ನು ಅವನಿಗೆ ಇನ್ನೂ ಕಳಿಸಿಲ್ಲವೆಂದು ಬ್ಯಾಂಕಿನ ಹುಡುಗಿ ಹೇಳಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೂಂ ಹೂಂ ಎಂದು ಕೇಳಿಸಿಕೊಂಡೆ. ಅಷ್ಟೇ ಬೆಲೆಯ ಬೇರೆ ಸಾಮಾನು ತೆಗೆದುಕೊಳ್ಳಿ ಎಂದ. ಮೂಗಿಗೆ ತುಪ್ಪ ಸವರುವುದು ಬೇಡ ಎಂದೆ. ಮರುದಿನ ನನ್ನ ಗಂಡನಿಗೆ ಫೋನ್ ಮಾಡಿ ಇನ್ನೊಂದು ದಾರಿ ಹಿಡಿದ. ಮೊದಲು ಕಂಪ್ಲೇಂಟ್ ವಾಪಸು ತಗೊಳ್ಳಿ, ಆಮೇಲೆ ಕ್ಯಾಶ್ ಮನೆಗೇ ತಂದುಕೊಡುತ್ತೇನೆ.

ಕ್ಯಾಶ್ ಎಂದ ಕೂಡಲೆ ನನ್ನ ಗಂಡನ ಕಿವಿ ನೆಟ್ಟಗಾಯಿತು. "ಕ್ಯಾಶ್ ಕೊಡ್ತಾನಂತೆ ಮಾರಾಯ್ತಿ. ಮುಗಿಸಿಬಿಡುವಾ."

"ಮೊದಲು ಕಂಪ್ಲೇಂಟ್ ವಾಪಸು, ಆಮೇಲೆ ಕ್ಯಾಶ್. ನಿಮ್ಮ ಹೋಟೆಲಿನಲ್ಲಿ ಗಿರಾಕಿ, ಮೊದಲು ಬಾಗಿಲು ದಾಟ್ತೇನೆ, ಆಮೇಲೆ ಬಿಲ್ ಕೊಡ್ತೇನೆ ಅಂದರೆ ಬಿಡ್ತಿದ್ರಾ?"

ಅವರು ಫೋನನ್ನು ನನ್ನ ಕೈಗೆ ಕೊಟ್ಟು, "ನೀನೇ ಹೇಳು ಅವನಿಗೆ," ಎಂದರು. ಹೇಳಿದೆ. ದುಡ್ಡು ಹೋದ ದಾರಿಯಲ್ಲೇ ಬರಬೇಕು, ಕಾರ್ಡಿನಿಂದ ಹೋದದ್ದು ಕಾರ್ಡಿಗೇ ಬರಬೇಕು ಎಂದು ಮರಾಠಿಯಲ್ಲಿ ಹೇಳಿದೆ. ಜಗಳಕ್ಕೆ ನನಗೆ ಮರಾಠಿಯೇ ಚೆನ್ನಾಗಿ ಒದಗುತ್ತದೆ, ನಲ್ಲಿಯ ಸಾಲಿನಲ್ಲಿ ಕಲಿತದ್ದು.

ಅವನು ಬ್ಯಾಂಕಿಗೆ ತನ್ನ ಉತ್ತರ ಕಳಿಸಿದ. ನಮ್ಮ ಸಹಿಯ ಚಲನ್, ತೆಂಗಿನಕಾಯಿ ನೀರಿನಿಂದ ಕೆಟ್ಟಿದೆ ಎಂಬ ಮೆಕ್ಯಾನಿಕ್ಕಿನ ಹೇಳಿಕೆ. ನಿಮ್ಮ ಉತ್ತರ ಏನು ಎಂದು ಬ್ಯಾಂಕಿನವರು ಕೇಳಿದರು. ಮೇಲಿನ ಮನೆಯವಳು ತನ್ನ ವಿಡಿಯೋ ಹಿಡಿದು ಇಳಿದು ಬಂದಳು. ಮೂವರೂ ಕೂತು ನೋಡಿದೆವು. ಇವರು ಕಾಯಿಯನ್ನು ಶಟರಿನ ಆಚೆ, ಮೆಟ್ಟಿಲ ಕಲ್ಲಿಗೆ ಒಡೆಯುತ್ತಾರೆ. ಸೋರುವ ನೀರನ್ನು ಒಂದು ಹನಿಯೂ ಬೀಳದ ಹಾಗೆ ಲೋಟದಲ್ಲಿ ಹಿಡಿಯುತ್ತಾರೆ. ಯಂತ್ರದ ಕಡೆ ತಿರುಗಿಯೂ ನೋಡದೆ ಅಷ್ಟನ್ನೂ ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತಾರೆ. ನಮಗೆ ತೀರ್ಥದಷ್ಟೂ ಉಳಿಸಿರಲಿಲ್ಲ.

"ಕಾಕಾರ ಹೊಟ್ಟಿಗೆ ಹೋಗೈತ್ರಿ ನೀರು, ಮೋಟರಿಗೆ ಎಲ್ಲಿ ಹೋತು?" ಎಂದಳು ಅವಳು. ಇವರು ಮೊದಲು ಸಂಕೋಚಪಟ್ಟರು, ಆಮೇಲೆ ಕೂತಲ್ಲೇ ಕುಲುಕಿ ಕುಲುಕಿ ನಕ್ಕರು. ಎಷ್ಟು ವಾರಗಳ ಮೇಲೆ ಆ ನಗು ಕೇಳಿದೆನೋ. ವಿಡಿಯೋ, ಬಿಲ್ಲು, ಬಣ್ಣ ಎದ್ದ ಮೋಟರಿನ ಫೋಟೋ, ಎಲ್ಲವನ್ನೂ ಕಳಿಸಿದೆ. ಜೊತೆಗೆ, ಹೊಸ ಯಂತ್ರದ ಬಣ್ಣದ ಕೆಳಗೆ ಇನ್ನೊಬ್ಬರ ಕುಂಕುಮ ಹೇಗೆ ಬಂತೆಂದು ಅಂಗಡಿಯವರನ್ನೇ ಕೇಳಿ ಎಂದು ಬರೆದೆ.

ಆಮೇಲೆ ಕಾದದ್ದೇ ಕಾದದ್ದು. ಗಾಳಾದ ಬಾಡಿಗೆ ಓಡುತ್ತಿತ್ತು, ನನಗೂ ಕೆಲವು ದಿನ ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೊಂದು ದಿನ ಬೆಂಡೆಕಾಯಿ ಹೆಚ್ಚುತ್ತಿರುವಾಗ ಮೆಸೇಜು ಬಂತು. ತೀರ್ಮಾನ ನನ್ನ ಕಡೆ ಆಗಿದೆ, ಪೂರ್ತಿ ಮೊತ್ತ ಕಾರ್ಡಿಗೆ ಜಮಾ. ಆ ಎರಡು ಟಕ್ಕೆ ಸಮೇತ. ಗೆದ್ದೆ ಎಂದು ಒಂದು ಸಲ ಗಟ್ಟಿಯಾಗಿ ಹೇಳಿಕೊಂಡೆ, ಕೇಳಲು ಬೆಂಡೆಕಾಯಿ ಬಿಟ್ಟು ಯಾರೂ ಇರಲಿಲ್ಲ. ಮಾಲೀಕನ ಟೆಂಪೋ ಬಂದು ಆ ಯಂತ್ರವನ್ನು ಹೊತ್ತುಕೊಂಡು ಹೋಯಿತು. ಹೋಗುವ ಮುಂಚೆ ಅದರ ಹಳೇ ಬೊಟ್ಟಿಗೆ ಕೈ ಮುಗಿದೆ. ಯಾರದೋ ಭಕ್ತಿ ನನ್ನ ಅಂಗಡಿ ಉಳಿಸಿತ್ತು.

ಎರಡನೇ ಗ್ರೈಂಡರನ್ನು ಬೇರೆ ಅಂಗಡಿಯಲ್ಲಿ ತೆಗೆದುಕೊಂಡೆವು. ಈ ಸಲ ಇವರು ನೆನೆಸಿದ ಅಕ್ಕಿ ಉದ್ದನ್ನು ಸ್ಟೀಲ್ ಡಬ್ಬಿಯಲ್ಲಿ ಹೊತ್ತುಕೊಂಡು ಲೋಕಲ್ ಹತ್ತಿದರು. ಅಂಗಡಿಯಲ್ಲೇ ರುಬ್ಬಿಸಿ, ಬೆರಳಿಗೆ ಹಚ್ಚಿ ನೋಡಿ, ತಲೆ ಆಡಿಸಿದ ಮೇಲೆ ನಾನು ಕಾರ್ಡು ತೆಗೆದೆ. ಪೂಜೆ ಬಿಡಲಿಲ್ಲ, ಗಾಳಾಕ್ಕೆ ತಂದ ಮೇಲೆ ಮಾಡಿದೆವು. ದೇವರೇನೂ ಕೋಪ ಮಾಡಿಕೊಂಡಂತೆ ಕಾಣಲಿಲ್ಲ.

ಅಂಗಡಿ ತೆರೆದ ಬೆಳಿಗ್ಗೆ ಡಬ್ಬಿ, ಪಾತ್ರೆ ಹಿಡಿದು ಕಾಲನಿಯವರು ಸಾಲಾಗಿ ನಿಂತರು. ನಾನು ಹಿಟ್ಟು ಬಗ್ಗಿಸಿ ಸುರಿಯುತ್ತಿದ್ದೆ, ಇವರು ತೂಕ ಮಾಡಿ ತುಂಬಿಸುತ್ತಿದ್ದರು. ಸಾಲಿನಲ್ಲಿ ಇವರ ಹಳೇ ಹೋಟೆಲಿನ ಒಬ್ಬ ಖಾಯಂ ಗಿರಾಕಿ ಇದ್ದರು. ಇವರನ್ನು ನೋಡಿ ಖುಷಿಯಾಗಿ, "ಏನು ರಾಯರೇ, ಕಡೆಗೂ ಸ್ವಂತ ಅಂಗಡಿ ಹಾಕಿದ್ರಿ ಅನ್ನಿ," ಎಂದರು.

ಇವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ನಂದಲ್ಲ. ಇವಳದ್ದು ಅಂಗಡಿ. ನಾನಿಲ್ಲಿ ಕೆಲಸಕ್ಕೆ ಇರುದು," ಎಂದರು.

ತಮಾಷೆಗೆ ಹೇಳಿದ್ದಲ್ಲ ಅದು. ಹವಾಮಾನದ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳಿದರು. ಬ್ಯಾಂಕಿನ ಮೆಸೇಜು ಬಂದ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಕಣ್ಣು ತುಂಬಿ ಬಂದದ್ದು ಯಾರಿಗೂ ಕಾಣದಿರಲೆಂದು ಯಂತ್ರದ ಕಡೆ ತಿರುಗಿ, ಮುಂದಿನವರ ಡಬ್ಬಿ ತಗೊಳ್ಳಿ, ಜನ ಕಾಯ್ತಿದ್ದಾರೆ ಎಂದೆ. ಅವರು ತಗೊಂಡರು.